ಕೌದಿಯ ಸುತ್ತ ಕೂತವರಿಗೆ ಓದಿದ ಕಾದಂಬರಿ

ನನ್ನ ಮೊಮ್ಮಗಳು ಸಂಜೆ ಅಡ್ಡಾಡಲು ಹೋಗುವಾಗ ಕಿವಿಯಲ್ಲಿ ಕಾದಂಬರಿ ಹಾಕಿಕೊಂಡು ಹೋಗುತ್ತಾಳೆ. ಯಾರೋ ಓದುತ್ತಾರೆ, ಈಕೆ ಕೇಳುತ್ತಾಳೆ. ಎಲ್ಲವೂ ಒಂದೇ ಹಿಟ್ಟಿನ ರೊಟ್ಟಿ. ಎಳೆಯ ಹುಡುಗ, ಎಳೆಯ ಹುಡುಗಿ, ಅಡ್ಡ ನಿಂತ ಅಪ್ಪ, ಅತ್ತು ಸೊರಗಿದ ಅವ್ವ, ಕೊನೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಊಟ. ಮೊನ್ನೆ ಅದನ್ನು ಕೇಳಿದವರು ಕೆಳಗೆ ಬರೆದ ಅಭಿಪ್ರಾಯಗಳನ್ನು ನನಗೆ ಓದಿ ಹೇಳಿದಳು. ಒಬ್ಬರಿಗೆ ಓದಿದವಳ ದನಿ ಹಿಡಿಸಲಿಲ್ಲವಂತೆ. ಇನ್ನೊಬ್ಬರ ಪ್ರಕಾರ ನಾಯಕಿ ತಂದೆಗೆ ಎದುರು ಮಾತಾಡಬಾರದಿತ್ತಂತೆ. ಮತ್ತೊಬ್ಬರು ಮೂರು ಸಲ ಅತ್ತರಂತೆ, ಅದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾರಂತೆ.

"ಈಗ ಎಲ್ಲಾ ಹಿಂಗ ಐತಿ ನೋಡ್ ಆಯಿ. ನಿಮ್ಮ ಕಾಲದಾಗ ಇದೆಲ್ಲಾ ಎಲ್ಲಿತ್ತು?" ಅಂದಳು.

ಎಲ್ಲಿತ್ತು ಅಂದರೆ ಮೂಡಲಗಿಯಲ್ಲಿತ್ತು. ನಕ್ಷತ್ರ ಒಂದು ಇರಲಿಲ್ಲ, ಅಷ್ಟೇ. ಕಾದಂಬರಿ ಕೇಳುವವರು ಎಂಥ ಜನ ಎಂಬುದನ್ನು ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೂರು ವರ್ಷ ಮಧ್ಯಾಹ್ನದ ಹೊತ್ತು ಅವರ ಎದುರಿಗೆ ಕೂತು ಗಂಟಲು ಹರಿದುಕೊಂಡವಳು ನಾನು. ಅವರಿಗೆ ಕಥೆ ಬೇಕಾಗಿರಲಿಲ್ಲ. ತಮ್ಮ ತಲೆಯಲ್ಲಿ ಮೊದಲೇ ಇದ್ದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿತ್ತು. ಇದನ್ನು ನಾನು ಆಗಲೇ ಕಂಡುಕೊಂಡಿದ್ದೆ ಮತ್ತು ಕಂಡುಕೊಂಡೆನೆಂದು ಬಹಳ ಬೀಗುತ್ತಿದ್ದೆ.

ನಾನು ಗೋಕಾಕದ ಹುಡುಗಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದೆ, ಮುಂದೆ ಓದಿಸಲಿಲ್ಲ. ನಮ್ಮ ಜಿಲ್ಲೆ ಮುಂಬಯಿ ಸರಕಾರವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದ ಮರುವರ್ಷ ನನ್ನನ್ನು ಮೂಡಲಗಿಯ ಕನ್ನಡ ಸಾಲೆಯ ಮಾಸ್ತರರಿಗೆ ಕೊಟ್ಟರು. ಮಾಸ್ತರರು ಒಳ್ಳೆಯವರೇ. ಆದರೆ ಆ ಮನೆಯಲ್ಲಿ ಪಂಚಾಂಗ ಬಿಟ್ಟರೆ ಓದಲು ಏನೂ ಇರಲಿಲ್ಲ. ಅಪ್ಪ ಗೋಕಾಕದಲ್ಲಿ ವಾಚನಾಲಯದ ಸದಸ್ಯರಾಗಿದ್ದರು. ತಿಂಗಳಿಗೆರಡು ಕಾದಂಬರಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಬಿಗಿದು, ಪರಿಚಯದ ಬಸ್ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದರು. ಆ ಗಂಟು ಬಂದ ದಿನ ನನ್ನ ಪಲ್ಯಕ್ಕೆ ಉಪ್ಪು ಬೀಳುತ್ತಿರಲಿಲ್ಲ ಎಂದು ಮಾಸ್ತರರು ಸಾಯುವತನಕ ಹೇಳುತ್ತಿದ್ದರು.

ನಮ್ಮ ಬಾಜೂದಲ್ಲಿ ದೊಡ್ಡ ಮನೆಯಿತ್ತು. ಆ ಮನೆಯ ಯಜಮಾನತಿಯನ್ನು ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಊಟವಾದ ಮೇಲೆ ಆಕೆಯ ಪಡಸಾಲೆಯಲ್ಲಿ ಕೌದಿ ಹೊಲಿಯಲು ಹೆಂಗಸರು ಸೇರುತ್ತಿದ್ದರು. ಹರಿದ ಸೀರೆ, ಹಳೆಯ ಧೋತರಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಕಡೆಯಿಂದ ನಾಲ್ವರು ಕೂತು, ಅಂಚಿನಿಂದ ನಡುವಿನತನಕ ಹೊಲಿಗೆ ಹಾಕುತ್ತ ಬರುವ ಕೆಲಸ ಅದು. ಕೈಗೆ ಕೆಲಸ, ಕಿವಿ ಖಾಲಿ. ಒಂದು ದಿನ ನಾನು ನಮ್ಮ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತದ್ದನ್ನು ಕಾಕು ನೋಡಿದಳು.

"ತಂಗೀ, ಒಬ್ಬಾಕೀನ ಕುಂತ ಏನ ಓದ್ತಿ? ಇಲ್ಲಿ ಬಂದ ನಮ್ಮ ಮುಂದ ಓದವಾ. ನಾವೂ ಕೇಳ್ತೇವಿ," ಅಂದಳು. ಕಾಕು ಕರೆದರೆ ಇಲ್ಲ ಎನ್ನುವ ಹೆಂಗಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ.

ಅವರಿಗೆ ಓದಿಸಿ ಕೇಳುವುದೆಂದರೆ ಒಂದೇ ಗೊತ್ತು, ಶ್ರಾವಣದಲ್ಲಿ ಮಠದಲ್ಲಿ ಓದಿಸುವ ಪುರಾಣ. ಹೀಗಾಗಿ ನಾನು ಹೋದ ಮೊದಲ ದಿನವೇ ನನ್ನ ಮುಂದೆ ಕಟ್ಟಿಗೆಯ ವ್ಯಾಸಪೀಠ ಬಂತು. ಕಾದಂಬರಿಯನ್ನು ಅದರ ಮೇಲೆ ಇಡಬೇಕು. ಸುರು ಮಾಡುವ ಮೊದಲು ಊದಿನಕಡ್ಡಿ. ರಟ್ಟಿಗೆ ಅರಿಶಿನ ಕುಂಕುಮ. ಆ ರಟ್ಟಿನ ಮೇಲೆ ಪ್ಯಾಂಟು ಹಾಕಿದ ಒಬ್ಬ ಯುವಕ ಸಾಯಿಕಲ್ಲಿಗೆ ಒರಗಿ ನಿಂತ ಚಿತ್ರವಿತ್ತು. ಅವನ ಹಣೆಗೇ ಸರಿಯಾಗಿ ಕುಂಕುಮ ಹಚ್ಚಿದರು. ವಾಚನಾಲಯದವರು ಅಪ್ಪನಿಗೆ ಏನೆಂದರೋ ಗೊತ್ತಿಲ್ಲ, ಅಪ್ಪ ನನಗೊಂದು ಸಿಟ್ಟಿನ ಕಾರ್ಡು ಬರೆದರು.

ಇನ್ನೊಂದು ಕಟ್ಟಳೆಯಿತ್ತು. ಪುರಾಣದಲ್ಲಿ ಮಂದಿಯನ್ನು ಅಡವಿಯಲ್ಲಿ ಬಿಟ್ಟು ಆ ದಿನದ ಓದು ನಿಲ್ಲಿಸಬಾರದಂತೆ. ಯಾರಾದರೂ ದಾರಿಯಲ್ಲಿದ್ದರೆ ಮನೆ ಮುಟ್ಟಿಸಬೇಕು. ಅಳುತ್ತಿದ್ದರೆ ಸಮಾಧಾನ ಮಾಡಬೇಕು. ಹಸಿದಿದ್ದರೆ ಉಣ್ಣಿಸಬೇಕು. ಆಮೇಲೆಯೇ ಪುಸ್ತಕ ಮುಚ್ಚುವುದು. ಪೂರ್ತಿ ಮುಗಿಯುವ ದಿನ ಮಂಗಲವಾಗಬೇಕು. ಪುಸ್ತಕಕ್ಕೆ ಆರತಿ, ಓದಿದಾಕೆಗೆ ಉಡಿ ತುಂಬುವುದು. ಆದರೆ ಕಾದಂಬರಿ ಬರೆಯುವವರಿಗೆ ಈ ಕಟ್ಟಳೆ ಗೊತ್ತಿರಲಿಲ್ಲವಲ್ಲ. ಅವರು ನಾಯಕಿಯನ್ನು ಮಳೆಯಲ್ಲಿ ನಿಲ್ಲಿಸಿ ಅಧ್ಯಾಯ ಮುಗಿಸುತ್ತಿದ್ದರು. ನಾನು ಅಲ್ಲಿಗೆ ನಿಲ್ಲಿಸಿದರೆ ಸೂಜಿ ಕೆಳಗಿಟ್ಟು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಅಷ್ಟರಲ್ಲಿ ಆಕೆ ಮನೆಗೆ ಬಂದಳು, ತಲೆ ಒರೆಸಿಕೊಂಡು ಊಟ ಮಾಡಿದಳು" ಎಂದು ಪುಸ್ತಕ ನೋಡುತ್ತಲೇ ನಾನೊಂದು ಸಾಲು ಸೇರಿಸಿದೆ. ಸೂಜಿಗಳು ಮತ್ತೆ ಮೇಲೆದ್ದವು. ನನ್ನ ಸುಳ್ಳು ಸುರುವಾದದ್ದು ಹೀಗೆ, ಒಬ್ಬಾಕೆಯ ತಲೆ ಒರೆಸುವುದರಿಂದ.

ಕೇಳುವವರು ದಿನಕ್ಕೆ ಏಳೆಂಟು ಜನ. ಅವರಲ್ಲಿ ಮಾತಾಡುತ್ತಿದ್ದವರು ಮೂವರು. ಮೊದಲನೆಯವಳು ಕಾಕು. ಆಕೆಗೆ ಕಥೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದೇ ಮುಖ್ಯ. ಹುಡುಗ ಹುಡುಗಿ ನದಿಯ ದಂಡೆಯ ಮೇಲೆ ಒಬ್ಬರನ್ನೊಬ್ಬರು ನೋಡಿದರು ಎಂದರೆ, "ಅಂವಗ ಅಕಿ ಏನಾಗಬೇಕು? ಅತ್ತೀ ಮಗಳೇನ?" ಎಂದು ಕೇಳುವಳು. ಏನೂ ಆಗಬೇಕಾಗಿಲ್ಲ ಎಂದರೆ ಮುಖ ಸಿಂಡರಿಸಿ, "ಮತ್ತ ಯಾಕ ನೋಡಿದ?" ಅನ್ನುವಳು. ಪ್ರೀತಿಯ ಬಗ್ಗೆ ಆಕೆಯ ತಿಳಿವಳಿಕೆ ಅಷ್ಟು.

ಎರಡನೆಯವಳು ಪೋಸ್ಟ್ ಮಾಸ್ತರರ ಹೆಂಡತಿ. ಧಾರವಾಡದಲ್ಲಿ ಎರಡು ವರ್ಷ ಇದ್ದು ಬಂದವಳು. ಆ ಎರಡು ವರ್ಷಗಳನ್ನು ಉಳಿದ ಜೀವಮಾನವೆಲ್ಲ ನೆಕ್ಕುತ್ತಿದ್ದಳು. ಕಥೆ ಎಲ್ಲಿಗೆ ಬಂತೆಂಬುದು ಆಕೆಗೆ ಬೇಕಾಗಿರಲಿಲ್ಲ. "ನಿಮ್ಮ ದನಿ ಸ್ವಲ್ಪ ಮೂಗಿನಾಗಿಂದ ಬರತೈತಿ ನೋಡ್ರಿ. ಧಾರವಾಡದಾಗ ಹಿಂಗ ಓದಂಗಿಲ್ಲ," ಎನ್ನುವಳು. ಹೇಗೆ ಓದುತ್ತಾರೆಂದು ಒಮ್ಮೆಯೂ ಓದಿ ತೋರಿಸಲಿಲ್ಲ. ಸ್ವತಃ ಓದಲು ಬರುತ್ತಿತ್ತೋ ಇಲ್ಲವೋ, ನನಗಿಂದಿಗೂ ಅನುಮಾನ.

ಮೂರನೆಯವಳು ಪಿಂಜಾರ ಓಣಿಯ ಚಾಚಿ. ಗಾದಿಗೆ ಅರಳೆ ಹಿಂಜುವ ಮನೆತನದವಳು. ಕೌದಿಯ ನಡುವೆ ತುಂಬಲು ಹಳೆಯ ಅರಳೆ ತಂದುಕೊಟ್ಟು, ಹಾಗೆಯೇ ಕಂಬಕ್ಕೊರಗಿ ಕೂತುಬಿಡುತ್ತಿದ್ದಳು. ನಾಯಕಿ ವಿರಹದಲ್ಲಿ ಮೂರು ದಿನ ಹಾಸಿಗೆ ಹಿಡಿದಳೆಂದು ನಾನು ಗದ್ಗದವಾಗಿ ಓದುತ್ತಿದ್ದರೆ, "ಮೂರ ದಿನಾ ಅಳಕೋತ ಮಲಗ್ಯಾಳ, ಮನ್ಯಾಗ ಹಿಟ್ಟ ಯಾರ ಬೀಸ್ಯಾರ್ರಿ?" ಎಂದು ಕೇಳುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಹೆಂಗಸಿಗೆ ಸಾಹಿತ್ಯದ ಗಂಧ ಗಾಳಿ ಇಲ್ಲ ಎಂದುಕೊಳ್ಳುತ್ತಿದ್ದೆ. ಈಗ ಅನಿಸುತ್ತದೆ, ಆ ಪಡಸಾಲೆಯಲ್ಲಿ ಕಾದಂಬರಿಯನ್ನು ನಿಜವಾಗಿ ಕೇಳುತ್ತಿದ್ದವಳು ಆಕೆಯೊಬ್ಬಳೇ. ಅಲ್ಲ, ಇನ್ನೊಬ್ಬಳಿದ್ದಳು. ಅದು ನನಗೆ ಆಗ ಗೊತ್ತಿರಲಿಲ್ಲ.

ಎರಡನೆಯ ವರ್ಷ ಒಂದು ಕಾದಂಬರಿಯಲ್ಲಿ ನಾಯಕ ಕ್ಷಯ ಬಂದು ಸತ್ತ. ಪಡಸಾಲೆಯಲ್ಲಿ ಹಾಡಿಕೊಂಡು ಅಳತೊಡಗಿದರು. ನಾನು ಪುಸ್ತಕ ಮುಚ್ಚಲು ಹೋದರೆ ಕಾಕು ನನ್ನ ಕೈ ಹಿಡಿದಳು. ಸಾವಿನ ಮೇಲೆ ಮಂಗಲ ಹೇಗೆ ಮಾಡುವುದು? "ನಾಳೆ ಬಂದು ಮುಂದಿಂದು ಓದು," ಎಂದಳು. ಮುಂದೆ ಹಾಳೆಯೇ ಇಲ್ಲ ಎಂದರೂ ಕೇಳಲಿಲ್ಲ. ಮರುದಿನ ನಾನು ಕೊನೆಯ ರಟ್ಟಿನ ಒಳಮೈ ನೋಡುತ್ತ ಓದಿದೆ. ಡಾಕ್ಟರು ತಪ್ಪಾಗಿ ತಿಳಿದಿದ್ದರು. ಹುಡುಗನಿಗೆ ಉಸಿರಿತ್ತು. ಹೆಂಡತಿಯ ದನಿ ಕೇಳಿ ಕಣ್ಣು ತೆರೆದ. ಮಿರಜಿನ ದವಾಖಾನೆಯಲ್ಲಿ ಗುಣವಾಗಿ, ಬರುವಾಗ ಗೋಕಾಕದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಬಂದ. ಒಬ್ಬರೂ ಹುಬ್ಬು ಏರಿಸಲಿಲ್ಲ. "ಬರದಾವ್ರು ನಮ್ಮ ಕಡಿಯವ್ರ ಇರಬೇಕು," ಎಂದು ಪೋಸ್ಟ್ ಮಾಸ್ತರರ ಹೆಂಡತಿ ತಲೆದೂಗಿದಳು. ಆರತಿಯಾಯಿತು. ನನ್ನ ಉಡಿ ತುಂಬಿದರು. ಮನೆಗೆ ಬಂದು ಮಾಸ್ತರರ ಮುಂದೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿಸಿಕೊಂಡೆ. ಇಂಥ ಪೆದ್ದು ಮಂದಿಗೆ ಓದುವುದಕ್ಕಿಂತ ಎಮ್ಮೆಗಳ ಮುಂದೆ ಓದುವುದು ಮೇಲು ಎಂದೆ. ಮಾಸ್ತರರು ನಗಲಿಲ್ಲ. "ಅವರು ನಿನ್ನ ನಂಬ್ಯಾರ," ಎಂದಷ್ಟೇ ಹೇಳಿ ಸಾಲೆಗೆ ಹೋದರು.

ಮೂರನೆಯ ವರ್ಷದ ಚಳಿಗಾಲದಲ್ಲಿ ಆ ಕಾದಂಬರಿ ಬಂತು.

ಕಾಕುವಿಗೆ ಹದಿನೇಳು ವರ್ಷದ ಮಗಳಿದ್ದಳು. ಐದನೆಯ ಇಯತ್ತೆಯ ನಂತರ ಸಾಲೆ ಬಿಡಿಸಿದ್ದರು. ಕೌದಿಯ ಒಂದು ಮೂಲೆ ಆಕೆಯದು. ತಲೆಯೆತ್ತದೆ ಹೊಲಿಯುವಳು, ಬಾಯಿ ಬಿಡಳು. ಹುಕ್ಕೇರಿಯಲ್ಲಿ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ಕಾಕುವಿನ ತಮ್ಮನಿಗೆ ಆಕೆಯನ್ನು ಕೊಡುವುದೆಂದು ಹುಟ್ಟಿದಾಗಿನಿಂದ ಮಾತಿತ್ತು. ನಮ್ಮಲ್ಲಿ ಸೋದರಮಾವನ ಹಕ್ಕೆಂದರೆ ಹೊಲದ ಹಕ್ಕಿಗಿಂತ ಗಟ್ಟಿ. ಮಾವನಿಗೆ ಮೂವತ್ತೈದು ದಾಟಿತ್ತು. ಅಷ್ಟರಲ್ಲಿ ಘೋಡಗೇರಿಯ ಕಡೆಯಿಂದ ಇನ್ನೊಂದು ಮಾತು ಬಂತು. ಹುಡುಗ ನಮ್ಮ ಮಾಸ್ತರರ ಸಾಲೆಯಲ್ಲೇ ಹೊಸ ಮಾಸ್ತರ, ಇಪ್ಪತ್ತಮೂರರವನು, ಅದೇ ಜಾತಿ, ದೂರದ ನೆಂಟಸ್ತನವೂ ಇತ್ತು. ಕಾಕುವಿನ ಮನೆಯ ಎದುರು ಸಾಲಿನಲ್ಲಿ ಒಂದು ಕೋಣೆ ಹಿಡಿದಿದ್ದ. ಆ ಹುಡುಗಿ ಮತ್ತು ಅವನು ಮಾತಾಡಿದ್ದು ನಾಲ್ಕು ಸಲವಿದ್ದರೆ ಹೆಚ್ಚು. ಆದರೆ ಅವನು ಸಾಲೆಗೆ ಹೊರಡುವ ಹೊತ್ತಿಗೇ ಆಕೆ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು ಎಂಬುದನ್ನು ನಾನು ಬಲ್ಲೆ. ನಮ್ಮ ಕಟ್ಟೆಯಿಂದ ಎಲ್ಲವೂ ಕಾಣುತ್ತಿತ್ತು.

ಕಾಕು ಒಲ್ಲೆ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ತಮ್ಮನ ಮುಖ ನೋಡಿದರೆ ಇತ್ತ, ಮಗಳ ಮುಖ ನೋಡಿದರೆ ಅತ್ತ. ಗಂಡನನ್ನು ಕೇಳಿದರೆ, "ತಮ್ಮ ನಿನ್ನಾಂವ, ಮಗಳು ನಿನ್ನಾಕಿ," ಎಂದು ಹೊಲಕ್ಕೆ ಹೋಗಿಬಿಡುತ್ತಿದ್ದ.

ನಾನು ತಂದ ಕಾದಂಬರಿಯಲ್ಲೂ ಒಬ್ಬ ಹುಡುಗಿ, ಒಬ್ಬ ಸೋದರಮಾವ, ಒಬ್ಬ ಓದಿದ ತರುಣ. ನಾನು ಬೇಕೆಂದು ತಂದದ್ದಲ್ಲ, ಅಪ್ಪ ಕಳಿಸಿದ್ದು. ಎರಡನೆಯ ದಿನವೇ ಕಾಕು ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದಳು. ಪುರಾಣ ಓದಿಸುವ ಮನೆಗಳಲ್ಲಿ ಒಂದು ನಂಬಿಕೆಯಿತ್ತು. ಮನೆಯಲ್ಲಿ ಒಂದು ಮಾತು ಇತ್ಯರ್ಥವಾಗದೆ ಇದ್ದಾಗ ಪುಸ್ತಕದಲ್ಲಿ ಏನು ಬರುತ್ತದೋ ಅದೇ ದೇವರ ಅಪ್ಪಣೆ. ಕಾಕು ಆ ನಂಬಿಕೆಯನ್ನು ತಂದು ಈ ಕಾದಂಬರಿಗೆ ಕಟ್ಟಿದಳು.

"ಇದು ನಮ್ಮ ಮನೀ ಸಲುವಾಗೆ ಬಂದ ಪುಸ್ತಕ," ಎಂದಳು. "ಇದರಾಗ ಆ ಹುಡಿಗೀದು ಏನ ಆಗತೈತಿ ನೋಡೂಣು. ಮಂಗಲ ಆದ ದಿನಾನ ನಾ ಮಾತ ಕೊಡತೇನಿ. ಹುಕ್ಕೇರಿಗರೆ ಆಗಲಿ, ಘೋಡಗೇರಿಗರೆ ಆಗಲಿ."

ಎಲ್ಲರೂ ತಲೆಯಾಡಿಸಿದರು. ಒಬ್ಬ ಮನುಷ್ಯ ಯಾವುದೋ ಊರಿನಲ್ಲಿ ಚಹಾ ಕುಡಿಯುತ್ತ ಕಟ್ಟಿದ ಕಥೆಗೆ ಮಗಳ ಬಾಳನ್ನು ಗಂಟು ಹಾಕುವ ಈ ಬುದ್ಧಿಗೇಡಿತನಕ್ಕೆ ಏನೆನ್ನಬೇಕು? ನನಗೆ ಅಸಹ್ಯವಾಯಿತು. ಆದರೆ ಬಾಯಿ ಬಿಟ್ಟು ಅನ್ನಲಿಲ್ಲ, ಓದಿದೆ. ದಿನದಿನವೂ ಅಭಿಪ್ರಾಯಗಳ ಸುರಿಮಳೆ. ನಾಯಕಿ ಮಾವನಿಗೆ ಚಹಾ ಕೊಡಲಿಲ್ಲವೆಂದರೆ ಸೊಕ್ಕು. ತರುಣನ ಕಾಗದ ಓದಿದಳೆಂದರೆ ನಾಚಿಕೆಗೇಡಿ. ತರುಣ ಆಕೆಯ ತಾಯಿಯ ಕಾಲಿಗೆ ಬಿದ್ದನೆಂದರೆ ಒಳ್ಳೆಯ ಹುಡುಗ. ಎದ್ದ ಮೇಲೆ ಹಾಗೇ ನಿಂತಿದ್ದನೆಂದರೆ ಉದ್ಧಟ. ಕಾಕು ಒಂದು ದಿನ ಘೋಡಗೇರಿಯ ಕಡೆ, ಮರುದಿನ ಹುಕ್ಕೇರಿಯ ಕಡೆ ವಾಲುತ್ತಿದ್ದಳು. ಮೂಲೆಯಲ್ಲಿ ಕೂತ ಹುಡುಗಿ ಮಾತ್ರ ಒಂದು ಸಲವೂ ಏನಾಯಿತೆಂದು ಕೇಳಲಿಲ್ಲ.

ಮಂಗಲಕ್ಕೆ ಮೂರು ದಿನವಿರುವಾಗ ಪೋಸ್ಟ್ ಮಾಸ್ತರರ ಹೆಂಡತಿ ಎಲ್ಲರೆದುರು ಬಾಯಿ ಹಾಕಿದಳು. ಆಕೆಯ ತಂಗಿ ಆ ಕ್ಷಯದ ಕಾದಂಬರಿಯನ್ನು ಓದಿದ್ದಳಂತೆ. ಅದರಲ್ಲಿ ಹುಡುಗ ಸತ್ತೇಹೋಗುತ್ತಾನಂತೆ.

"ಮಾಸ್ತರ ಹೆಂಡತಿ ಪುಸ್ತಕದಾಗಿಂದು ಓದಂಗಿಲ್ಲ ತಗೋರಿ. ಬಾಯಿಗೆ ಬಂದದ್ದ ಓದ್ತಾಳ," ಎಂದಳು.

ಕಾಕು ಗದರಿಸಿದಳು. "ಪುಸ್ತಕ ಮುಂದ ಇಟಗೊಂಡ ಯಾರರೆ ಸುಳ್ಳ ಓದ್ತಾರೇನ್ರಿ? ನಿಮ್ಮ ತಂಗಿ ಓದಿದ್ದು ಬ್ಯಾರೆ ಪುಸ್ತಕ ಇದ್ದೀತು." ಎಲ್ಲರೂ ಕಾಕುವಿನ ಪಕ್ಷ. ನನ್ನನ್ನು ಒಬ್ಬರೂ ಅನುಮಾನಿಸಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಧಾರವಾಡ ಧಾರವಾಡ ಎನ್ನುವ ಈ ಒಣ ಹೆಂಗಸು ನನ್ನನ್ನು, ಮುಲ್ಕಿ ಪಾಸಾದವಳನ್ನು, ಸುಳ್ಳಿ ಎನ್ನುವುದೇ?

ಮರುದಿನ ಮುಂಜಾನೆ ಬಾವಿಯ ಕಟ್ಟೆಯಲ್ಲಿ ಕಾಕುವಿನ ಮಗಳು ನನಗಾಗಿ ಕಾಯುತ್ತಿದ್ದಳು. ಕೊಡ ತುಂಬಿತ್ತು, ಆದರೂ ಎತ್ತಿಕೊಂಡಿರಲಿಲ್ಲ.

"ಅಕ್ಕಾರ, ಕಡೀ ಪಾಠ ಬದಲಿ ಮಾಡಿ ಓದ್ರಿ," ಎಂದಳು.

ಯಾವ ಕೊನೆಯ ಪಾಠ, ನಿನಗೇನು ಗೊತ್ತು ಎಂದೆ. ಆಕೆಗೆ ಎಲ್ಲ ಗೊತ್ತಿತ್ತು. ಓದು ಮುಗಿದ ಮೇಲೆ ಪುಸ್ತಕ ವ್ಯಾಸಪೀಠದ ಮೇಲೆ ವಸ್ತ್ರ ಮುಚ್ಚಿಕೊಂಡು ಅವರ ಪಡಸಾಲೆಯಲ್ಲೇ ಇರುತ್ತಿತ್ತು. ಮನೆಯವರು ಹೊಲಕ್ಕೆ ಹೋದಾಗ ಈ ಹುಡುಗಿ ಅದನ್ನು ತೆಗೆದು ಓದುತ್ತಿದ್ದಳು. ಮೊದಲನೆಯ ಕಾದಂಬರಿಯಿಂದ ಒಂದನ್ನೂ ಬಿಟ್ಟಿರಲಿಲ್ಲ. ನಾನು ಸೇರಿಸಿದ ಪ್ರತಿಯೊಂದು ಸಾಲೂ, ತಲೆ ಒರೆಸಿಕೊಂಡದ್ದೂ, ಮಿರಜಿನ ದವಾಖಾನೆಯೂ, ಕರದಂಟಿನ ಪೊಟ್ಟಣವೂ, ಎಲ್ಲವೂ ಆಕೆಗೆ ಗೊತ್ತು. ಮೂರು ವರ್ಷ ಯಾರಿಗೂ ಹೇಳಿರಲಿಲ್ಲ.

"ಪುಸ್ತಕಕ್ಕಿಂತಾ ನೀವು ಓದಿದ್ದ ಛಲೋ ಇರತಿತ್ರಿ," ಎಂದಳು. "ಇದೊಂದ ಸಲ ಓದ್ರಿ. ಅವ್ವ ನಿಮ್ಮ ಬಾಯಾಗಿಂದು ಕೇಳತಾಳ. ನನ್ನ ಬಾಯಾಗಿಂದು ಕೇಳಂಗಿಲ್ಲ. ಆದ್ರೂ ನೀವು ಓದಲಿಲ್ಲಂದ್ರ ಮಂಗಲದಾಗ ಎಲ್ಲಾರ ಮುಂದ ನಾನ ಒಲ್ಲೆ ಅಂತೇನಿ."

ಆ ಹೊತ್ತು ನನಗೆ ಅನಿಸಿದ್ದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಕರುಣೆ ಬರಲಿಲ್ಲ. ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಪೆದ್ದರೆಂದು ನಾನು ಮನೆಯಲ್ಲಿ ಕೂತು ನಗುತ್ತಿದ್ದಾಗ, ಐದನೆಯ ಇಯತ್ತೆಯ ಒಂದು ಹುಡುಗಿ ಮೂಲೆಯಲ್ಲಿ ಕೂತು ನನ್ನನ್ನು ಅಳೆಯುತ್ತಿದ್ದಳು. ಸಿಕ್ಕಿಬಿದ್ದ ಕಳ್ಳಿಯಂತಾಯಿತು ನನಗೆ. ಸಿಕ್ಕಿಬಿದ್ದವರು ಮಾಡುವುದನ್ನೇ ಮಾಡಿದೆ, ನೀತಿ ಹೇಳಿದೆ.

"ಸುಳ್ಳ ಓದಂತಿಯೇನ ನನಗ? ಪುಸ್ತಕ ಅಂದ್ರ ಏನಂತ ತಿಳದಿ? ಬರದವರು ಬರದಂಗ ಓದೂದು ನನ್ನ ಕೆಲಸ," ಎಂದೆ. ಆಕೆ ಕೊಡ ಎತ್ತಿಕೊಂಡು ಹೋದಳು.

ಆ ಕೊನೆಯ ಅಧ್ಯಾಯದಲ್ಲಿ ಏನಿತ್ತೆಂದು ಹೇಳಿಬಿಡುತ್ತೇನೆ. ಹುಡುಗಿ ಮಾವನನ್ನು ಒಲ್ಲೆನೆಂದು ತರುಣನ ಹಿಂದೆ ಪಟ್ಟಣಕ್ಕೆ ಹೋಗುತ್ತಾಳೆ. ತಂದೆ ಆ ಕೊರಗಿನಲ್ಲಿ ಸಾಯುತ್ತಾನೆ. ತರುಣ ಪೊಳ್ಳು ಮನುಷ್ಯ, ಕೈಬಿಡುತ್ತಾನೆ. ಆಕೆ ಬರಿಗಾಲಲ್ಲಿ ಊರಿಗೆ ಮರಳಿ ಮಾವನ ಕಾಲ ಮೇಲೆ ಬೀಳುತ್ತಾಳೆ. ಮಾವ ಹಿಡಿದೆತ್ತಿ, ರಕ್ತಸಂಬಂಧ ಎಂದರೆ ಏನೆಂದು ಎರಡು ಪುಟ ಮಾತಾಡುತ್ತಾನೆ. ಆ ಎರಡು ಪುಟಗಳಷ್ಟು ಹೊಲಸಾದದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಮತ್ತೆ ಓದಿಲ್ಲ. ಬರೆದವನಿಗೆ ಮನುಷ್ಯರ ಗುರುತೇ ಇರಲಿಲ್ಲ. ಆದರೆ ಕನ್ನಡ ಇತ್ತು. ವಾಕ್ಯಗಳು ಗಂಟೆ ಬಾರಿಸಿದ ಹಾಗೆ ಒಂದರ ಹಿಂದೊಂದು ಬರುತ್ತಿದ್ದವು. ಓದುವವರ ನಾಲಿಗೆಗೆ ಅಂಥ ವಾಕ್ಯ ಸಿಕ್ಕರೆ ಅವರಿಗೆ ಅರ್ಥದ ಹಂಗು ಇರುವುದಿಲ್ಲ.

ಮಂಗಲದ ದಿನ ಪಡಸಾಲೆ ತುಂಬಿತ್ತು. ಕೌದಿಯೂ ಮುಗಿಯಲು ಬಂದಿತ್ತು, ನಡುವಿನ ಒಂದು ಗೇಣು ಮಾತ್ರ ಉಳಿದಿತ್ತು. ಪೋಸ್ಟ್ ಮಾಸ್ತರರ ಹೆಂಡತಿ ನನ್ನ ಎದುರಿಗೇ ಕೂತಿದ್ದಳು. ಆಕೆಗೆ ತೋರಿಸಬೇಕೆಂದು ನಾನು ಓದಿದೆ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ತಂದೆ ಸಾಯುವಲ್ಲಿ ದನಿ ಇಳಿಸಿದೆ. ಮಾವ ಮಾತಾಡುವಲ್ಲಿ ಏರಿಸಿದೆ. ಮೂಗಿನಿಂದ ಬರುತ್ತದೆ ಎಂದಳಲ್ಲ, ಹೊಟ್ಟೆಯಿಂದ ತೆಗೆದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಹಿಂದೆ ಓದಿರಲಿಲ್ಲ, ಮುಂದೆ ಓದಲಿಲ್ಲ. ಪೋಸ್ಟ್ ಮಾಸ್ತರರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಗೆದ್ದೆ ಎಂದುಕೊಂಡೆ.

ಎಲ್ಲರೂ ಅಳುತ್ತಿರುವಾಗ ಚಾಚಿ ಮಾತ್ರ ಕಂಬಕ್ಕೊರಗಿಕೊಂಡೇ ಹೇಳಿದಳು. "ಇದನ್ನ ಯಾವನೋ ಒಬ್ಬ ಮಾವಾನ ಬರದಿರಬೇಕ್ರಿ."

ನಾನು ಆಕೆಯನ್ನು ದುರುಗುಟ್ಟಿ ನೋಡಿದೆ.

ಕಾಕು ಪುಸ್ತಕಕ್ಕೆ ಆರತಿ ಬೆಳಗಿದಳು. ಕಣ್ಣೀರು ಧಾರೆಯಾಗಿ ಹರಿಯುತ್ತಿತ್ತು. "ದೇವರು ಬಾಯಿ ಬಿಚ್ಚಿ ಹೇಳಿದಂಗಾತು. ಹುಕ್ಕೇರಿಗೆ ಹೇಳಿ ಕಳಸ್ತೇನಿ," ಎಂದಳು. ಆಮೇಲೆ ಮಗಳನ್ನು ಕರೆದು ನನ್ನ ಉಡಿ ತುಂಬಲು ಹೇಳಿದಳು. ಈಗ ಒಲ್ಲೆ ಎನ್ನುತ್ತಾಳೆ ಎಂದು ನಾನು ಕಾದೆ. ಆಕೆ ಅಷ್ಟು ಅಂದಿದ್ದರೆ ಸಾಕಿತ್ತು. ಅಲ್ಲಿದ್ದವರೆಲ್ಲ ಆಕೆಯ ಮೇಲೆ ಬಿದ್ದರೆ ನಾನೂ ಏನಾದರೂ ಒಂದು ಮಾತಾಡುತ್ತಿದ್ದೆನೋ ಏನೋ, ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಕೆ ಅನ್ನಲಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಕುಪ್ಪಸದ ಖಣ, ಒಂದೊಂದಾಗಿ ನನ್ನ ಸೆರಗಿಗೆ ಹಾಕಿದಳು. ಕಣ್ಣು ಕೆಂಪಾಗಿದ್ದವು. ಹೆದರಿದಳು ಎಂದುಕೊಂಡೆ. ಬಾವಿಯ ಕಟ್ಟೆಯ ಮೇಲೆ ದೊಡ್ಡ ಮಾತಾಡಿ ಇಲ್ಲಿ ಬಾಯಿ ಕಟ್ಟಿತು, ಇಷ್ಟೇ ಈ ಮಂದಿಯ ಧೈರ್ಯ ಎಂದು ಮನಸ್ಸಿನಲ್ಲೇ ಹೀಯಾಳಿಸಿದೆ. ಆ ಅಕ್ಕಿಯನ್ನು ಮನೆಗೆ ತಂದು ಅನ್ನ ಮಾಡಿದೆ. ಮಾಸ್ತರರಿಗೆ ವಿಷಯ ಹೇಳಿದೆ. ಅವರು ಆ ಹೊತ್ತು ಉಣ್ಣಲಿಲ್ಲ.

ಮಾಘದಲ್ಲಿ ಲಗ್ನವಾಯಿತು. ಘೋಡಗೇರಿಯ ಹುಡುಗ ಬದಲಿ ಕೇಳಿಕೊಂಡು ಕೌಜಲಗಿಗೆ ಹೋದ. ನಾನು ಕಾಕುವಿನ ಪಡಸಾಲೆಯಲ್ಲಿ ಮತ್ತೆ ಓದಲಿಲ್ಲ. ಹೊಟ್ಟೆಯಲ್ಲಿ ಮಗುವಿತ್ತು, ಕೂರಲು ಆಗುವುದಿಲ್ಲ ಎಂದು ನೆವ ಹೇಳಿದೆ. ಅವರಿಗೇನೂ ಕೊರತೆಯಾಗಲಿಲ್ಲ. ಕಾಕುವಿನ ಮನೆಗೆ ರೇಡಿಯೋ ಬಂತು. ಅದರ ಮೇಲೂ ಕುಂಕುಮ ಹಚ್ಚಿದರಂತೆ.

ನಾಲ್ಕು ವರ್ಷಗಳ ನಂತರ ಮಾಸ್ತರರಿಗೆ ಹುಕ್ಕೇರಿಗೆ ಬದಲಿಯಾಯಿತು. ಆ ಹುಡುಗಿಯ ಮನೆ ನಮ್ಮಿಂದ ಎರಡು ಓಣಿ ಆಚೆ. ಹೋಗಬಾರದೆಂದು ಎರಡು ತಿಂಗಳು ತಪ್ಪಿಸಿದೆ. ಒಂದು ದಿನ ಸಂತೆಯಲ್ಲಿ ಆಕೆಯೇ ಕೈ ಹಿಡಿದಳು. "ಬರ್ರಿ ಅಕ್ಕಾರ, ಚಹಾ ಕುಡದ ಹೋಗೀರಂತ," ಎಂದು ಕರೆದುಕೊಂಡು ಹೋದಳು.

ಮನೆಯೆಲ್ಲ ತಂಬಾಕಿನ ಘಾಟು. ಎರಡು ಮಕ್ಕಳು. ಗಂಡ ಅಂಗಡಿಯ ಗಾದಿಯ ಮೇಲಿಂದ ನನಗೆ ಕೈಮುಗಿದ, ಮತ್ತೆ ತನ್ನ ಕೆಲಸದ ಕಡೆ ತಿರುಗಿದ. ಕೆಟ್ಟ ಮನುಷ್ಯನಲ್ಲ. ಹೊಡೆಯುವವನಲ್ಲ, ಕುಡಿಯುವವನಲ್ಲ. ಆಕೆಯ ಜೊತೆ ಮಾತಾಡುವವನೂ ಅಲ್ಲ. ನಾವು ಕೂತ ಒಂದು ತಾಸಿನಲ್ಲಿ ಎರಡು ಸಲ ಒಳಗೆ ಬಂದ. ಆಕೆ ಎರಡು ಸಲವೂ ಎದ್ದು ನಿಂತಳು. ಅವನು ನೋಡಲಿಲ್ಲ. ಇಪ್ಪತ್ತೊಂದು ವರ್ಷಕ್ಕೇ ಆಕೆಯ ಮಾತಿನಲ್ಲಿ ಮುದುಕಿಯರ ನಿಧಾನ ಬಂದಿತ್ತು.

ಗಂಡ ಹೊರಗೆ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ. ಕ್ಷಮೆ ಕೇಳಬೇಕಿತ್ತು. ಅದರ ಬದಲು ತಪ್ಪು ಹೊರಿಸಿದೆ. ನನ್ನ ಬುದ್ಧಿ ಆಗಲೂ ಅಷ್ಟೇ ಇತ್ತು.

"ಎಲ್ಲಾರ ಮುಂದ ಒಲ್ಲೆ ಅಂತೇನಿ ಅಂದಿದ್ದೆಲ್ಲಾ. ಯಾಕ ಅನಲಿಲ್ಲ? ಅಂಜಿದೇನು?"

ಆಕೆ ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದಳು. ಹಾಕಿ ಮುಗಿಸಿ ನನ್ನ ಕಡೆ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅಂಜಲಿಲ್ರಿ ಅಕ್ಕಾರ. ಅನಬೇಕಂತನ ಕುಂತಿದ್ದೆ. ಆ ಪಾಠ ನಾ ಮೊದಲ ಎರಡ ಸಲ ಓದಿದ್ದೆ, ಎಲ್ಲಾ ಸುಳ್ಳ ಅಂತ ಗೊತ್ತಿತ್ತು. ಆದ್ರ ಅವತ್ತ ನೀವು ಎಷ್ಟ ಛಲೋ ಓದಿದ್ರೆಂದ್ರ, ನನಗೂ ಖರೇನ ಅನಿಸಿಬಿಡ್ತು. ನಾ ಒಲ್ಲೆ ಅಂದ್ರ ಅಪ್ಪ ಸಾಯ್ತಾನ ಅನಿಸ್ತು."

ಅಷ್ಟು ಹೇಳಿ ಚಹಾ ತಣ್ಣಗಾಗುತ್ತದೆ, ಕುಡಿಯಿರಿ ಎಂದಳು. ನಾನು ಕುಡಿದೆ. ನನ್ನ ಓದಿಗೆ ಬಂದ ಅಭಿಪ್ರಾಯಗಳಲ್ಲಿ ಇದೊಂದನ್ನು ನಾನು ಮಾಸ್ತರರಿಗೂ ಹೇಳಲಿಲ್ಲ.